ಕ್ಲೀನಿಂಗಿನವರು ಬರುವ ಮೊದಲು

ಪುತ್ತೂರಿನ ಬಟ್ಟೆ ಅಂಗಡಿಯ ಕ್ಯಾಶಿನಲ್ಲಿ ಕೂತು ಕೂತು ಸಾಕಾಗಿ ಸ್ವಂತದ್ದು ಏನಾದರೂ ಮಾಡಬೇಕೆಂದು ಹೊರಟಾಗ, ನನಗೆ ಸಲಹೆ ಕೊಡದವರೇ ಇರಲಿಲ್ಲ. ಟೈಲರಿಂಗ್, ಹಪ್ಪಳ, ಬ್ಯೂಟಿ ಪಾರ್ಲರ್. ಹೆಂಗಸರು ಮರ್ಯಾದೆಯಿಂದ ಮಾಡಬಹುದಾದದ್ದು ಅಲ್ಲಿಗೆ ಮುಗಿಯುತ್ತಿತ್ತು. ಕ್ಲೀನಿಂಗ್ ಕಂಪೆನಿ ತೆರೆಯುತ್ತೇನೆ ಎಂದ ದಿನ ಸಲಹೆಗಳು ನಿಂತವು. ಅದೊಂದು ಉಪಕಾರವಾಯಿತು.

ಯೋಚನೆ ನನ್ನದಲ್ಲ, ಸುಳ್ಯದ ಗೆಳತಿಯದು. ದುಬಾಯಿಯ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದು ಊರಿಗೆ ಮರಳಿದವಳು. ಮದುವೆಗೆ ಹೋದರೆ ಮದುಮಗಳನ್ನು ನೋಡುವ ಮೊದಲು ಮದುವೆ ಹಾಲ್‌ನ ಫ್ಯಾನುಗಳನ್ನು ನೋಡುತ್ತಾಳೆ. “ಪುತ್ತೂರು, ಸುಳ್ಯ, ಕಡಬ ಅಂತ ಎಷ್ಟು ಕ್ಲಿನಿಕ್ ಉಂಟು, ಎಷ್ಟು ಹಾಲ್ ಉಂಟು, ಎಷ್ಟು ಬೇಕರಿ ಉಂಟು! ಕೊಳಕಿಗೆ ಎಂತ ಬರಗಾಲ ಮಾರಾಯ್ತಿ?” ಎಂದಳು. ಈ ಮಾತನ್ನು ನಾನು ಆಮೇಲೆ ಅವಳಿಗೆ ಆಗಾಗ ನೆನಪಿಸಿದ್ದೇನೆ. ತೊಳೆಯುವ ಮಿಷನ್ನು ತರುವುದು, ಕೆಲಸ ಕಲಿಸುವುದು ಅವಳ ಪಾಲು. ಜನರ ಹತ್ತಿರ ಮಾತಾಡುವುದು ನನ್ನ ಪಾಲು ಎಂದಾಯಿತು. ಉಳಿದದ್ದು ಆಫೀಸಿಗೊಂದು ಕೋಣೆ.

ಕೋಣೆ ಇದ್ದದ್ದು ಸೋದರಮಾವನದು, ಪುತ್ತೂರಿನ ಮುಖ್ಯರಸ್ತೆಯಲ್ಲಿ. ಮಾವ ಇರುವುದು ಕಡಬದ ಹತ್ತಿರದ ಪಂಜದಲ್ಲಿ. ನಮ್ಮಲ್ಲಿ ಅಪ್ಪನ ಸಿಟ್ಟು ಊಟದ ಹೊತ್ತಿಗೆ ಇಳಿಯುತ್ತದೆ. ಆದರೆ ಸೋದರಮಾವ ಬೇಡವೆಂದರೆ ಆ ಕೆಲಸ ಅಲ್ಲಿಗೇ ನಿಂತಿತು. ಹೊಸ ಮನೆಯಿರಲಿ, ಅಂಗಡಿಯಿರಲಿ, ದೀಪ ಹಚ್ಚುವವರು ಅವರೇ. ಕೋಣೆಯಾದರೆ ಬೇರೆ ಕಡೆ ಬಾಡಿಗೆಗೆ ಸಿಗುತ್ತಿತ್ತು, ಮಾವ ಬಾಡಿಗೆಗೆ ಸಿಗುತ್ತಿರಲಿಲ್ಲ. ಅವರು ದೀಪ ಹಚ್ಚದೆ ಬಾಗಿಲು ತೆರೆಯಲು ನನಗೆ ಮನಸ್ಸಿರಲಿಲ್ಲ. ನಡುವಯಸ್ಸು ದಾಟಿದ ಮೇಲೂ ಇರಲಿಲ್ಲ, ಅದನ್ನು ಯಾಕೆ ಮುಚ್ಚಿಡಲಿ?

ಪಂಜಕ್ಕೆ ಹೋಗಿ ಕೇಳಿದಾಗ ಮಾವ ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದರೆ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

“ನಮ್ಮ ಮನೆಯ ಹೆಣ್ಣು ಕಂಡವರ ಅಂಗಡಿ ಗುಡಿಸ್ಲಿಕ್ಕೆ ಹೋಗುದಾ? ನಾಲ್ಕು ಜನ ಎಂತ ಗ್ರಹಿಸುದು?”

“ಗುಡಿಸುದಲ್ಲ ಮಾವ, ಮಿಷನ್ ಉಂಟು.”

“ಮಿಷನಿಗೆ ಹಿಡಿ ಉಂಟಲ್ಲ? ಅದನ್ನು ಹಿಡಿಯುದು ಯಾರು?”

ಅತ್ತೆ ಒಳಗಿನಿಂದ ನನ್ನ ಪರವಾಗಿ ಒಂದೆರಡು ಮಾತು ಹೇಳಿದ ಮೇಲೆ, ಮಾವ ಕೋಣೆಯ ಎರಡು ಕೀಗಳಲ್ಲಿ ಒಂದನ್ನು ಮೇಜಿನ ಮೇಲೆ ಇಟ್ಟರು. “ಕೋಣೆ ಬೇಕಾದ್ರೆ ತಕ್ಕೊ. ದೀಪಕ್ಕೆ ನನ್ನನ್ನು ಕರೀಬೇಡ.”

ಅರ್ಧ ಗೆದ್ದಂತೆ ಮುಖ ಮಾಡಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಚೆನ್ನಾಗಿ ಅತ್ತುಬಿಟ್ಟೆ.

ಮೊದಲ ಗಿರಾಕಿಯಾಗಿ ನಾವು ಕಣ್ಣಿಟ್ಟದ್ದು ಕಡಬದ ಒಂದು ಬೇಕರಿ. ಅದರ ಯಜಮಾನ್ತಿ ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆನಿಂತ ಮನೆಯವರು, ಊರಿಗೆಲ್ಲ ಚೇಚಿ, ಎಂದರೆ ಅಕ್ಕ. ನೋಡಲು ಹೋದ ದಿನ ಅವರ ಅಡುಗೆಕೋಣೆ ನಮ್ಮ ಕನಸಿನ ಅಡುಗೆಕೋಣೆಯಾಗಿತ್ತು. ಒಲೆಯ ಹಿಂದಿನ ಟೈಲ್ಸ್ ಯಾವ ಬಣ್ಣದ್ದೆಂದು ಅವರಿಗೇ ಮರೆತುಹೋಗಿತ್ತು. ಎಗ್ಸಾಸ್ಟ್ ಫ್ಯಾನಿನಿಂದ ಜಿಡ್ಡು ಹನಿಯುತ್ತಿತ್ತು. ಗೆಳತಿ ಖುಷಿ ತಡೆಯಲಾರದೆ ನನ್ನ ಕೈ ಚಿವುಟಿದಳು. ಒಂದು ದಿನ ಬಂದು ಉಚಿತವಾಗಿ ಡೆಮೊ ಮಾಡಿ ತೋರಿಸುತ್ತೇವೆ ಎಂದೆವು. ಅರ್ಧ ಗೋಡೆ ತೊಳೆದು ಅರ್ಧ ಹಾಗೇ ಬಿಡುವುದು ಅವಳು ದುಬಾಯಿಯಲ್ಲಿ ಕಲಿತ ಉಪಾಯ. ಆಮೇಲೆ ನಾವು ಬಾಯಿ ತೆರೆಯಬೇಕಾಗಿಯೇ ಇಲ್ಲವಂತೆ.

ಡೆಮೊ ದಿನ ಪಿಕಪ್ಪಿನಲ್ಲಿ ಮಿಷನ್ ಹೇರಿಕೊಂಡು ಹೋದರೆ, ಅಡುಗೆಕೋಣೆ ಫಳಫಳ ಹೊಳೆಯುತ್ತಿತ್ತು. ಟೈಲ್ಸ್ ಹಾಲುಬಿಳಿ. ಅಂಚಿನಲ್ಲಿ ಹೂವಿನ ಚಿತ್ರ ಬೇರೆ ಇತ್ತು.

“ಹೊರಗಿನವರು ಬರುವಾಗ ಆ ಕೊಳಕು ತೋರಿಸುದು ಹೇಗೆ? ನಾಚಿಕೆ ಆಗುದಿಲ್ವಾ?” ಎಂದರು ಚೇಚಿ. ಹಿಂದಿನ ದಿನ ಬೇಕರಿಗೆ ರಜೆ ಕೊಟ್ಟು ಮನೆಯವರೆಲ್ಲ ಸೇರಿ ಉಜ್ಜಿದ್ದರು. ಅವರ ಗಂಡ ಸೊಂಟಕ್ಕೆ ಕೈಕೊಟ್ಟು ಕುರ್ಚಿಯಲ್ಲಿ ಕೂತಿದ್ದರು.

“ನಾವು ಬಂದದ್ದೇ ಆ ಕೊಳಕಿಗೆ ಅಲ್ವಾ ಚೇಚಿ!”

“ಅದು ಹೌದು. ಆದ್ರೂ...”

ಗೆಳತಿ ಸುಲಭಕ್ಕೆ ಸೋಲುವವಳಲ್ಲ. ಬಿಳಿ ಬಟ್ಟೆ ಹಿಡಿದು ಫ್ರಿಜ್ಜಿನ ಹಿಂದೆ ನುಸುಳಿದಳು, ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆ ಒರೆಸಿದಳು. ಬಟ್ಟೆ ಹೋದ ಹಾಗೇ ಬಿಳಿಯಾಗಿ ಮರಳಿತು. ಕೊನೆಗೆ, “ಸ್ವಲ್ಪ ಎಣ್ಣೆ ಚೆಲ್ಲಿ ತೋರಿಸಬಹುದಾ?” ಎಂದು ಕೇಳಿಯೇಬಿಟ್ಟಳು. ಚೇಚಿ ಗೋಡೆಗೆ ಅಡ್ಡ ನಿಂತರು.

ಅವರ ಮೇಲೆ ನಾನು ಸಿಟ್ಟಾಗುವುದು ಹೇಗೆ? ಪಾತ್ರೆ ತೊಳೆಯುವವಳು ಬರುವ ಮೊದಲು ತಳ ಹಿಡಿದ ಪಾತ್ರೆಗಳನ್ನೆಲ್ಲ ನಾನೇ ತಿಕ್ಕಿಡುತ್ತೇನೆ. “ಅಕ್ಕಾ, ನನಗೆಂತ ಬಿಟ್ಟಿದ್ದೀರಿ?” ಎಂದು ಅವಳು ನಗುತ್ತಾಳೆ. ಇಷ್ಟು ತಿಳಿದಿದ್ದೂ ಊರಿಡೀ ತಿರುಗಿ ಪ್ಲಾನ್ ಮಾಡಿದ ನನಗೆ ಏನೆನ್ನಬೇಕು? ಈ ಸೀಮೆಯಲ್ಲಿ ಕ್ಲೀನಿಂಗಿನವರು ಬರುತ್ತಾರೆಂದರೆ ಸಾಕು, ಕೊಳಕು ಅವರಿಗಿಂತ ಮೊದಲೇ ಹೊರಟುಹೋಗುತ್ತದೆ.

ಪಪ್ಸ್ ತಿಂದು, ಚಹಾ ಕುಡಿದು ಎದ್ದೆವು. ಕಡಬದ ಸುದ್ದಿ ಪಂಜಕ್ಕೆ ಮುಟ್ಟಲು ತಡವಾಗುವುದಿಲ್ಲ. ಮಾವನಿಗೆ ಇನ್ನು ನನ್ನನ್ನು ಬೈಯುವ ಕಷ್ಟವೂ ಇಲ್ಲ, ನಕ್ಕರೆ ಸಾಕು. ಪಿಕಪ್ ಹತ್ತುವಾಗ ಚೇಚಿ ಹಿಂದಿನಿಂದ ಕರೆದರು.

“ನೀವು ತಿಂಗಳು ತಿಂಗಳು ಬರಲೇಬೇಕು. ನೀವು ಬರ್ತೀರಿ ಅಂತಾದ್ರೆ ಮಾತ್ರ ನಮ್ಮವರು ಕ್ಲೀನಿಂಗಿಗೆ ಕೈ ಹಾಕುದು. ಓಪನಿಂಗ್ ದಿನ ಬರ್ತೇನೆ, ನಿಮ್ಮ ಆಫೀಸು ಒಮ್ಮೆ ನೋಡಿ ಮಾತು ಪಕ್ಕಾ ಮಾಡುವ.”

ನಮಗೆ ಕೆಲಸ ಕೊಟ್ಟು ಆ ಕೆಲಸವನ್ನು ತಾವೇ ಮಾಡಿಕೊಳ್ಳುವ ಗಿರಾಕಿ! ದುಬಾಯಿಯಲ್ಲಿ ಇಂಥದ್ದು ಇರಲಿಲ್ಲವೆಂದು ಗೆಳತಿ ಒಪ್ಪಿಕೊಂಡಳು.

ಓಪನಿಂಗಿನ ಮುನ್ನಾದಿನ ಮಾವನಿಗೆ ಫೋನ್ ಮಾಡಿದೆ. ಕರೆಯಬೇಡ ಎಂದಿದ್ದರು, ಆದ್ದರಿಂದ ಕರೆಯಲಿಲ್ಲ. ಕಡಬದಿಂದ ಗಿರಾಕಿ ಬರುತ್ತಾರೆ ಎಂದಷ್ಟೇ ಹೇಳಿದೆ. “ಎಷ್ಟು ಹೊತ್ತಿಗೆ ಬರುದು ಅವ್ರು?” ಎಂದು ಕೇಳಿ ಫೋನಿಟ್ಟರು.

ಆಫೀಸಿನ ನೆಲದ ತುಂಬ ಬಡಗಿಯ ಹೊಟ್ಟು, ಪೈಂಟಿನ ಕಲೆ. ಬೆಳಿಗ್ಗೆ ಮಿಷನ್ ತಂದು ಒಮ್ಮೆಲೇ ತೊಳೆಯುವ ಅಂದಾಜು ನಮ್ಮದು. ಆದರೆ ಗೆಳತಿಯ ಮನೆಯಲ್ಲಿದ್ದ ಮಿಷನ್ ಹೇರಿಕೊಂಡು ನಾವಿಬ್ಬರೂ ಸುಳ್ಯದಿಂದ ಬರುವಾಗ ದಾರಿಯಲ್ಲಿ ಪಿಕಪ್ಪಿನ ಟಯರ್ ಪಂಕ್ಚರ್ ಆಯಿತು. ಪುತ್ತೂರು ಮುಟ್ಟುವಾಗ ಚೇಚಿ ಬರುವ ಹೊತ್ತು ಹತ್ತಿರವಾಗಿತ್ತು.

ಆಫೀಸಿನ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ, ಬಿಳಿ ಮುಂಡನ್ನು ಮೊಣಕಾಲಿಗಿಂತ ಮೇಲೆ ಎತ್ತಿ ಕಟ್ಟಿಕೊಂಡು, ಹಿಡಿಸೂಡಿ ಹಿಡಿದು ಬಾಗಿ ಗುಡಿಸುತ್ತಿದ್ದವರು ನನ್ನ ಸೋದರಮಾವ. ಒಳಗೆ ಒಂದು ಚೂರು ಹೊಟ್ಟು ಉಳಿದಿರಲಿಲ್ಲ. ಪಕ್ಕದ ಅಂಗಡಿಯ ಮುಂದೆಯೂ ಗುಡಿಸಿಬಿಟ್ಟಿದ್ದರು. ಎದುರಿನ ರಿಕ್ಷಾ ಸ್ಟ್ಯಾಂಡಿನವರು ಸಾಲಾಗಿ ನಿಂತು ನೋಡುತ್ತಿದ್ದರು.

“ಹೊರಗಿನವರು ಬರುವ ಜಾಗ ಹೀಗಾ ಇಡುದು?” ಎಂದು ನನ್ನ ಮೇಲೆ ರೇಗಿದರು. “ನಾಲ್ಕು ಜನ ಎಂತ ಗ್ರಹಿಸುದು?”

ನಗು ಬರಬೇಕಿತ್ತು, ಕಣ್ಣು ತುಂಬಿತು. ಹಿಡಿಸೂಡಿಗೆ ಕೈ ಚಾಚಿದೆ. ಮಾವ ಕೊಡಲಿಲ್ಲ.

“ಇದನ್ನು ನಾನು ಮುಗಿಸ್ತೇನೆ. ನೀನು ಹೋಗಿ ದೀಪಕ್ಕೆ ಎಣ್ಣೆ ಹಾಕು.”