ದೊಡ್ಡಮ್ಮ ನೋಡಿದ ಜ್ವಾಲಾಮುಖಿ

ಇವತ್ತು ಬೆಳಿಗ್ಗೆ ಹಳೆಯ ಸಹೋದ್ಯೋಗಿಯೊಬ್ಬರು ಫೋನಿಗೆ ಒಂದು ಚಿತ್ರ ಕಳಿಸಿದರು. ಬಾಹ್ಯಾಕಾಶದಿಂದ ತೆಗೆದ ಜ್ವಾಲಾಮುಖಿ ಪರ್ವತಗಳ ಸಾಲು. ಪ್ರತಿ ಬೆಟ್ಟದ ನೆತ್ತಿಯಲ್ಲೂ ಒಂದೊಂದು ಗುಂಡಿ. ಶ್ರೀನಿವಾಸಪುರದಲ್ಲಿ ಮೂವತ್ತು ವರ್ಷ ಭೂಗೋಳದ ಪಾಠ ಹೇಳಿದ ಮೇಷ್ಟ್ರು ನಾನು. ಕೆಂಪು ಸೀಮೆಸುಣ್ಣದಲ್ಲಿ ನಾನು ಬರೆಯುತ್ತಿದ್ದ ಜ್ವಾಲಾಮುಖಿ ಬೋರಲು ಹಾಕಿದ ಲಾಳಿಕೆಯ ಹಾಗಿರುತ್ತಿತ್ತು. ನಿಜವಾದದ್ದು ಹೇಗಿರುತ್ತದೆಂದು ನಿವೃತ್ತನಾದ ಮೇಲೆ ತಿಳಿಯಿತು.

ಇಂಥ ಚಿತ್ರ ನೋಡಿದವರು ಆಮೇಲೇನು ಮಾಡುತ್ತಾರೆಂದು ನಿಮಗೂ ಗೊತ್ತು. ಅದೇ ಫೋನಿನಲ್ಲಿ ತಮ್ಮೂರು ಹುಡುಕುತ್ತಾರೆ. ನಾನೂ ಹುಡುಕಿದೆ. ಮುಳಬಾಗಿಲು ಸಿಕ್ಕಿತು, ರಾಯಲ್ಪಾಡಿನ ಕಡೆಯ ಮಾವಿನ ತೋಪುಗಳು ಸಿಕ್ಕವು, ನಮ್ಮ ಹಳ್ಳಿಯೂ ಸಿಕ್ಕಿತು. ಬೆಟ್ಟ ಇರಬೇಕಾದ ಕಡೆ ಹಸಿರು ನೀರು ನಿಂತ ಗುಂಡಿ. ಅಂಚಿನಲ್ಲಿ ನಿಂತು ಎಷ್ಟೋ ಸಲ ನೋಡಿದ್ದೆ. ಪೂರ್ತಿಯಾಗಿ ಕಂಡದ್ದು ಇವತ್ತೇ.

ಆ ಬೆಟ್ಟದ ಬುಡದಲ್ಲಿ ದನ ಕಾಯುವ ದೇವರು ಕಾಟಮರಾಯನ ಕಲ್ಲಿತ್ತು. ಸಂಕ್ರಾಂತಿ ಸಂಜೆ ಊರಿನ ದನಗಳೆಲ್ಲ ಮೈ ತೊಳೆಸಿಕೊಂಡು ಅಲ್ಲಿಗೆ ಹೋಗುತ್ತಿದ್ದವು, ಹಿಂದೆ ನಮ್ಮ ದೊಡ್ಡಮ್ಮ ಪೊಂಗಲಿನ ಮಡಕೆ ಹೊತ್ತು. ಅವಳ ಹಿಪ್ಪುನೇರಳೆ ತೋಟ ಬೆಟ್ಟಕ್ಕೆ ಅಂಟಿಕೊಂಡಿತ್ತು. ಕಲ್ಲು ಒಡೆಯುವವರು ಬಂದಾಗ ಲಾರಿ ದಾರಿಗೆ ಅದೇ ಬೇಕಾಯಿತು. ಊರೆಲ್ಲ ಒಪ್ಪಿದರೂ ಅವಳು ಒಪ್ಪಲಿಲ್ಲ. ನನಗೆ ಹೇಳಿಕಳಿಸಿದಳು. ಅಕ್ಕರೆಯಿಂದ ಅವಳು ನನ್ನನ್ನು ನಾಯ್ನಾ ಅನ್ನುತ್ತಾಳೆ.

"ಓದಿದೋನು ನೀನು, ಹೇಳು ನಾಯ್ನಾ. ದಾರಿ ಕೊಟ್ರೆ ಬೆಟ್ಟ ಉಳೀತದಾ?"

ನಾನು ಪಾಠ ಒಪ್ಪಿಸಿದೆ. ಇದು ಭೂಮಿಯ ಹೊಟ್ಟೆಯಲ್ಲಿ ಕುದ್ದು ತಣ್ಣಗಾದ ಕಲ್ಲು, ಕೋಟ್ಯಂತರ ವರ್ಷ ಅಲ್ಲಾಡಿಲ್ಲ, ಎಲ್ಲೋ ಒಂದು ಮೂಲೆ ಹೋದೀತು, ಏನೂ ಆಗಲ್ಲ ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು. ಹಾಗೆ ಹೇಳು ಎಂದು ನನಗೆ ಯಾರೂ ಒಂದು ಟೀ ಕೂಡ ಕೊಡಿಸಿರಲಿಲ್ಲ. ತಿಳಿದವನು ಅನಿಸಿಕೊಳ್ಳುವ ಚಟಕ್ಕೆ ಹೇಳಿದೆ. ಅದಕ್ಕೆ ನನ್ನ ಮೇಲೆ ನನಗೇ ಇರುವ ಸಿಟ್ಟು ಇನ್ನೂ ಆರಿಲ್ಲ.

ಮೊದಲು ಹೋದ ಮೂಲೆ ಕಾಟಮರಾಯನದು. ಆಮೇಲೆ ಉಳಿದ ತೋಟದ, ಧೂಳು ಕೂತ ಸೊಪ್ಪು ತಿಂದು ರೇಷ್ಮೆಹುಳುಗಳು ಸತ್ತವು. ದೊಡ್ಡಮ್ಮ ಸಾಕಣೆ ಬಿಟ್ಟಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಇವತ್ತು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದೆ. ಅವಳು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮೂರಿನ ಗುಂಡಿ ತೋರಿಸಿ ತಪ್ಪಾಯಿತು ಅನ್ನಬೇಕೆಂದೇ ಹೋದವನು, ಧೈರ್ಯ ಸಾಲದೆ ಜ್ವಾಲಾಮುಖಿಗಳ ಚಿತ್ರ ತೋರಿಸಿದೆ. ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಇಷ್ಟೊಂದು ಬೆಟ್ಟಾನ ಯಾರು ನಾಯ್ನಾ ಹೊಡೆದವ್ರು?"

"ಯಾರೂ ಹೊಡೆದಿಲ್ಲ ದೊಡ್ಡಮ್ಮ. ಅವೇ ಸಿಡಿದಿದ್ದು."

ಅವಳು ಫೋನು ನನ್ನ ಕೈಗಿಟ್ಟಳು. "ಬೆಟ್ಟ ತಾನಾಗೇ ಯಾಕೆ ಸಿಡೀತದೆ? ಅಲ್ಲೂ ಒಬ್ಬ ಮೇಷ್ಟ್ರು ಏನೂ ಆಗಲ್ಲ ಅಂದಿರ್ತಾನೆ, ಬಿಡು."

ಈ ಸಲ ಪಾಠ ಒಪ್ಪಿಸಲಿಲ್ಲ. ಅವಳ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಬಿಡಿಸಲು ಕೂತೆ.