ನನ್ನ ಎದೆಗೆ ಬರೆದ ತುರಿಕೆ ಮಾತ್ರೆ

ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸುಮ್ಮನೆ ನಿಂತಿದ್ದರೂ ಎದೆಯ ಮೇಲಿನ ತಾಳಿ ಸರ ತಾನಾಗಿ ಅಲುಗುತ್ತಿತ್ತು. ಎರಡು ಬಡಿತ ಒಟ್ಟಿಗೆ. ಆಮೇಲೆ ಏನೂ ಇಲ್ಲ. ಮತ್ತೆ ಗಡಿಬಿಡಿ. ಸಾಸಿವೆ ಸೀದುಹೋಯಿತು.

ಕೊಟ್ಟೂರಿನಿಂದ ದಾವಣಗೆರೆಗೆ ಕರೆದೊಯ್ದರು. ಇಸಿಜಿ ನೋಡಿದ ಡಾಕ್ಟರು ಹೃದಯದ ಲಯ ತಪ್ಪಿದೆ ಎಂದರು. ಮೊದಲು ಕೊಟ್ಟ ಮಾತ್ರೆಗೆ ಬಿಪಿ ಇಳಿದು ತಲೆ ಸುತ್ತಿತು. ಬೇರೊಂದು ಬರೆದರು.

"ಇದು ಅಲರ್ಜಿಗೆ ಕೊಡೋ ಆಂಟಿಹಿಸ್ಟಮಿನ್. ಆದ್ರೆ ಹಾರ್ಟ್ ಬಡಿತಾನೂ ಲಯಕ್ಕೆ ತರುತ್ತೆ, ನಿಮಗೆ ಕೊಡ್ತಿರೋದು ಅದಕ್ಕೇ. ತಪ್ಪಿಸಬೇಡಿ."

ಮನೆಗೆ ಬಂದು ಅದನ್ನು ಹಾಗೆಯೇ ಹೇಳಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು.

"ಎದಿ ಬ್ಯಾನಿ ಅಂತ ನಾವು ಹೆದ್ರಿ ಸತ್ವಿ. ನೋಡಿದ್ರ ಡಾಕ್ಟ್ರು ತುರಿಕಿ ಗುಳಿಗಿ ಕೊಟ್ಟಾನ!"

ಮರುದಿನದಿಂದ ರೊಟ್ಟಿ ಬಡಿಯುವುದು ಮತ್ತೆ ನನ್ನ ಪಾಲಿಗೆ. ಸುಸ್ತಾಗಿ ಕುಳಿತರೆ "ಎಲ್ಲಿ ತುರಿಸ್ತೈತಿ ಯವ್ವಾ?" ಎಂಬ ಚೇಷ್ಟೆ. ಹರಪನಹಳ್ಳಿಯಿಂದ ಬಂದ ನಾದಿನಿಗೆ ಮೈತುಂಬ ತುರಿಸುವ ಪಿತ್ತದ ಗಂಧೆ ಎದ್ದಾಗ ಅತ್ತೆ ನನ್ನ ಮಾತ್ರೆ ಕೊಟ್ಟರು. ಗಂಧೆ ಇಳಿಯಿತು. ಅಲ್ಲಿಗೆ ಎಲ್ಲ ಸಾಬೀತಾದಂತಾಯಿತು. ಪಕ್ಕದ ಮನೆಯವರೂ ಬಟ್ಟಲು ಸಕ್ಕರೆ ಕೇಳುವ ಹಾಗೆ ಬಂದು ಕೇಳತೊಡಗಿದರು. ಬಂದವರಿಗೆ ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ಅವಮಾನ. ಹಂಚಿಕೊಳ್ಳಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳೂ ಕಲಿಸಿದ್ದರು. ನೋಡುತ್ತಾ ನಿಂತೆ.

ಮಾತ್ರೆ ಮುಗಿಯಿತು. ಊರಿನ ಮೆಡಿಕಲ್ ಶಾಪುಗಳಲ್ಲಿ ಅದು ಸಿಗುತ್ತಿರಲಿಲ್ಲ. ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ.

"ಅಂಗಡಿ ಮಾಲು ತರಾಕ ದಾವಣಗೇರಿಗೆ ಹೋದಾಗ ತರ್ತೀನಿ. ಈಗೇನು ತುರಿಸ್ತೈತೇನು ನಿನಗ?"

ಎರಡು ದಿನಕ್ಕೆ ಅಡುಗೆಮನೆಯಲ್ಲಿ ಬಿದ್ದೆ.

ಟ್ರ್ಯಾಕ್ಸ್ ಗಾಡಿಯಲ್ಲಿ ಮಲಗಿಸಿಕೊಂಡು ದಾವಣಗೆರೆಗೆ ಹೋದರಂತೆ. ಐಸಿಯುನಲ್ಲಿ ಕಣ್ಣು ಬಿಟ್ಟಾಗ ಡಾಕ್ಟರು ನನ್ನ ಕೈಗೆ ನಿಧಾನವಾಗಿ ಇಂಜೆಕ್ಷನ್ ಕೊಡುತ್ತಿದ್ದರು. ಮಾನಿಟರಿನಲ್ಲಿ ಎರ್ರಾಬಿರ್ರಿ ಕುಣಿಯುತ್ತಿದ್ದ ಹಸಿರು ಗೆರೆ ನೋಡನೋಡುತ್ತ ಸಾಲಿಗೆ ಬಂತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು, "ಇದ್ಯಾವ ಔಷಧಾರಿ?"

"ಅದೇ ಅಲರ್ಜಿದು, ತಾಯಿ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

ನನಗೆ ಸಿಟ್ಟು ಬಂದದ್ದು ಆಗ. ನನ್ನ ಎದೆಯ ಸಂಗತಿಯನ್ನು ನನ್ನ ಬಾಯಿಂದ ಕೇಳಿ ನಕ್ಕವರು, ಅದನ್ನೇ ಟಿವಿಯಂಥ ಪೆಟ್ಟಿಗೆಯಲ್ಲಿ ನೋಡಿ ನಂಬಿದರು.

ಯಜಮಾನರು ಮಂಚದ ಬಳಿ ಬಂದರು. "ಇಷ್ಟು ಜೋರೈತಿ ಅಂತ ಮೊದ್ಲಾ ಹೇಳಬಾರದಿತ್ತೇನು?"

"ಹೇಳಿದ್ದೆ."

ನರ್ಸು ತಿರುಗಿ ನೋಡಿದಳು. ಮದುವೆಯಾದ ಮೇಲೆ ನನ್ನ ದನಿ ಅಷ್ಟು ಏರಿದ್ದು ನನಗೆ ನೆನಪಿಲ್ಲ.

ಈಗ ಮಾತ್ರೆ ತಪ್ಪದೆ ಬರುತ್ತದೆ. ರೊಟ್ಟಿ ಅತ್ತೆಯೇ ಬಡಿಯುತ್ತಾರೆ. ಡಾಕ್ಟರಿಗೂ ಆ ಔಷಧಿಗೂ ನಾನು ಋಣಿ. ಮನೆಯವರನ್ನು ಕ್ಷಮಿಸಿಬಿಡು ಎಂದು ತವರಿನವರು ಹೇಳುತ್ತಾರೆ. ಕ್ಷಮಿಸುತ್ತೇನೇನೋ.

ಇವತ್ತಲ್ಲ.