ಏರಿನಲ್ಲಿ ಉಸಿರು ಬಿಡದ ಗಾಡಿ

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದರು. ಉಗಿ ಎಂಜಿನಿನ ಬಾಯಿಗೆ ಸಲಿಕೆಯಿಂದ ಕಲ್ಲಿದ್ದಲು ಹಾಕುವುದು ಅವರ ಕೆಲಸ. ಡೀಸೆಲ್ ಎಂಜಿನ್ ಬಂದ ಮೇಲೆ ಹಾಕಲು ಏನೂ ಉಳಿಯಲಿಲ್ಲ. ಅವರನ್ನು ಶೆಡ್ಡಿನ ಉಗ್ರಾಣಕ್ಕೆ ಕಳಿಸಿದರು. ಅಲ್ಲಿ ನಟ್ಟು ಬೋಲ್ಟು ಕಾಯುತ್ತ ನಿವೃತ್ತರಾದರು. ಮತ್ತೆ ಎಂಜಿನ್ ಹತ್ತಲಿಲ್ಲ, ಯಾರೂ ಹತ್ತು ಎನ್ನಲೂ ಇಲ್ಲ.

ಅವರು ನೌಕರಿಯಲ್ಲಿದ್ದಾಗ ಅವರ ಊರು ಹುಮನಾಬಾದಿಗೆ ರೈಲೇ ಇರಲಿಲ್ಲ. ಊರಿಗೆ ಬಂದು ಕೂತ ಮೇಲೆ ಹಳಿ ಬಂತು, ಅದೂ ಅವರ ಮನೆಗೂ ಹೊಲಕ್ಕೂ ನಡುವೆ. ಮೊದಲು ಏರಿನಲ್ಲಿ ಗುಡುಗುವ ಡೀಸೆಲ್ ಓಡಿತು. ಆಮೇಲೆ ಕಂಬ ನಿಂತವು, ತಂತಿ ಎಳೆದರು, ಈಚೆಗೆ ಕರೆಂಟಿನ ಗಾಡಿ ಬಂತು. ನಾನಿರುವ ಬಸವಕಲ್ಯಾಣದಲ್ಲಿ ಇವತ್ತಿಗೂ ರೈಲಿಲ್ಲ. ಹೀಗಾಗಿ, ಕಾಲೇಜಿನಲ್ಲಿ ಪಾಠ ಮಾಡುವವನಾದರೂ, ರೈಲಿನ ಬಗ್ಗೆ ನಾನು ಹೇಳುವ ಮಾತಿಗೆ ಆ ಮನೆಯಲ್ಲಿ ಕಿಮ್ಮತ್ತಿರಲಿಲ್ಲ.

ಹೊಲಕ್ಕೆ ಹೋಗಲು ಹಳಿಯ ಕೆಳಗೆ ದಾರಿ ಮಾಡಿಕೊಟ್ಟಿದ್ದಾರೆ. ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ಲುತ್ತದೆ. ಆಗ ಜನ ಮೇಲಿಂದ ಹಳಿ ದಾಟುತ್ತಾರೆ. ಕಾಕಾನ ತೊಗರಿ ನೋಡಲೆಂದು ನಾವಿಬ್ಬರೂ ಹಾಗೆಯೇ ಹೊರಟಿದ್ದೆವು. ಹಳಿಯ ಹತ್ತಿರ ಬಂದಾಗ ಹಾರ್ನ್ ಕೇಳಿಸಿತು.

"ಕಾಕಾ, ಗಾಡಿ ಬರಾಕತ್ತದ್ರಿ, ನಿಂದರ್ರಿ."

"ಕೇಳಸ್ತದೋ ಮಾಸ್ತರಾ. ಸೀಟಿ ಏರಿನ ಕೆಳಗ ಹೊಡದಾನ. ಇನ್ನ ಏರು ಹತ್ತಬೇಕಲ್ಲ? ಉಸಿರು ಬಿಡಲಾರದ ಹ್ಯಾಂಗ ಹತ್ತತದ?"

ಅವರ ಲೆಕ್ಕ ಇದು: ಅವರ ಕಾಲದಲ್ಲಿ ಏರಿನ ಬುಡದಲ್ಲಿ ಸೀಟಿ ಹೊಡೆದ ಗಾಡಿ ಭುಸ್ ಭುಸ್ ಎಂದು ಏದುಸಿರು ಬಿಡುತ್ತ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಪ್ರಯಾಣಿಕರು ಕೆಳಗಿಳಿದು, ಹಳಿ ಪಕ್ಕದ ಸೀತಾಫಲ ಕಿತ್ತುಕೊಂಡು, ಅದೇ ಗಾಡಿಯ ಕೊನೆಯ ಡಬ್ಬಿ ಹತ್ತುತ್ತಿದ್ದರಂತೆ. ಭುಸ್ ಸದ್ದು ಕೇಳುವವರೆಗೆ ಗಾಡಿ ಬರುವುದಿಲ್ಲ. ಕಾಕಾ ಆ ಸದ್ದಿಗಾಗಿ ಕಿವಿಗೊಟ್ಟರು. ಕೇಳಲಿಲ್ಲ. ಹಳಿ ಹತ್ತಿದರು.

ನಡುವೆ ಚಪ್ಪಲಿ ಜಲ್ಲಿಯಲ್ಲಿ ಸಿಕ್ಕಿಕೊಂಡಿತು. ಬಗ್ಗಿದರು.

ತಿರುವಿನಲ್ಲಿ ಎಂಜಿನ್ ಕಾಣಿಸಿತು. ಹೊಗೆಯಿಲ್ಲ, ಗುಡುಗಿಲ್ಲ. ಏರು ಎಂಬುದು ತನಗೆ ಗೊತ್ತೇ ಇಲ್ಲ ಎನ್ನುವಂತೆ ಬರುತ್ತಿತ್ತು. ಮತ್ತೊಮ್ಮೆ ಹಾರ್ನ್ ಆಯಿತು.

"ಕಾಕಾ!"

"ಯಾಕ ಒದರ್ತಿ? ಓದಿದ ಮಂದಿಗಿ ಅಂಜಿಕಿ ಬಾಳ," ಎಂದರು, ತಲೆ ಎತ್ತದೆ.

ನನ್ನ ಕೈಗೆ ಸಿಕ್ಕಿದ್ದು ಅವರ ಅಂಗಿಯ ಕಾಲರು. ಎಳೆದೆ. ಇಬ್ಬರೂ ಈಚೆಗೆ ಜಲ್ಲಿಯ ಮೇಲೆ ಬಿದ್ದೆವು. ಗಾಡಿ ಹೋಯಿತು. ಹೋಗುವಾಗ ಮಾತ್ರ ಭಾರೀ ಸದ್ದು ಮಾಡಿತು.

ಕಾಲರಿನ ಹೊಲಿಗೆ ಗಟ್ಟಿಯಿತ್ತು. ಇಷ್ಟೇ ನಡೆದದ್ದು. ಆದರೆ ಈಗಲೂ ಪಾಠದ ನಡುವೆ ಒಮ್ಮೊಮ್ಮೆ, ಮನಸ್ಸಿನಲ್ಲಿ, ಆ ಹೊಲಿಗೆ ನನ್ನ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ, ಕಾಲರು ಮಾತ್ರ ನನ್ನ ಬಳಿ ಉಳಿಯುತ್ತದೆ. "ಸರ್, ಮುಂದ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮುಂದಿನ ಪುಟ ತಿರುವುತ್ತೇನೆ.

ಕಾಕಾ ಜಲ್ಲಿಯ ಮೇಲೆಯೇ ಕೂತು ಗಾಡಿ ಹೋದ ದಿಕ್ಕು ನೋಡುತ್ತಿದ್ದರು.

"ಉಸಿರಾ ಬಿಡಲಿಲ್ಲಲ್ಲೋ," ಎಂದರು. ಯಾರೋ ಮೋಸ ಮಾಡಿದ ದನಿ.

"ಕರೆಂಟಿನ ಗಾಡಿರಿ ಕಾಕಾ."

"ಅದಕ್ಕೇನ್ ಏರು ಇಲ್ಲೇನು?"

ಉತ್ತರ ನನಗೆ ಗೊತ್ತಿತ್ತು. ಅವರ ಚಪ್ಪಲಿ ಹೆಕ್ಕಿ ತಂದು ಕೊಟ್ಟೆ.

ಮನೆಯಲ್ಲಿ ಕಾಕಿ ನಮ್ಮ ಮೊಣಕೈಗಳನ್ನು ನೋಡಿದರು.

"ಏನಾತ್ರಿ?"

"ಜಾರಿದ್ವಿ."

"ಇಬ್ಬರೂ ಒಮ್ಮೆಲೇ?"

"ನಾ ಜಾರಿದೆ. ನಿನ್ನ ಮಾಸ್ತರ ಹಿಡಿಯಾಕ ಬಂದು ಜಾರಿದ."

ಕಾಕಿ ಚಹಾ ಕೊಟ್ಟರು. ಕಾಕಾ ಕಪ್ಪು-ಬಸಿ ನೆಲಕ್ಕಿಟ್ಟು, ಚಹಾ ಬಿಸಿ ಅದ ಎಂದರು. ಕಾಕಿ ಹಿಗ್ಗಿದ ಕಾಲರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಅವರಿಗೆ ಅಷ್ಟು ಸಾಕಾಯಿತು.

"ನಾಳಿಂದ ಕೆಳಗಿಂದ ಹೋಗ್ರಿ. ಇಲ್ಲಂದ್ರ ಹೊಲಾ ಮರೀರಿ."

"ಮೊಣಕಾಲ ತನಕ ನೀರದ."

"ಇರ್ಲಿ. ನೀರು ಸೀಟಿ ಹೊಡದು ಮೈಮ್ಯಾಲ ಬರಂಗಿಲ್ಲ."

ಕಾಕಾ ವಾದ ಮಾಡಲಿಲ್ಲ. ರೈಲಿನ ವಿಷಯದಲ್ಲಿ ಅವರು ವಾದ ಮಾಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಳಿಯ ಮೇಲಿನ ಎಂಜಿನಿಗಿಂತ ಅದು ನನಗೆ ಹೆಚ್ಚು ಹೆದರಿಕೆ ತಂದಿತು.

ಈಗ ಅವರು ಧೋತರ ಮೇಲಕ್ಕೆ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಕೆಳಗಿನ ನೀರಿನಲ್ಲೇ ಹೋಗುತ್ತಾರೆ. ಹೋದ ವಾರ ನಾನೂ ಜೊತೆಗಿದ್ದೆ. ನಡುದಾರಿಯಲ್ಲಿದ್ದಾಗ ತಲೆಯ ಮೇಲೆ ಗಾಡಿ ಬಂತು, ನೀರು ಸಣ್ಣಗೆ ನಡುಗಿತು. ಕಾಕಾ ನನ್ನ ತೋಳು ಹಿಡಿದು ನಿಲ್ಲಿಸಿದರು. ಗಾಡಿ ಹೋಗಿ ಎಷ್ಟೋ ಹೊತ್ತಾದರೂ ಬಿಡಲಿಲ್ಲ. ನೀರು ಪೂರ್ತಿ ಸುಮ್ಮನಾದ ಮೇಲೆ, "ನಡಿ," ಎಂದರು.